ಅಪ್ಪೆಮಿಡಿ: ಗೊರಟಿನಲ್ಲಿ ಉಳಿಯದ ರುಚಿ



ಶಿರಸಿ, ಸಾಗರ ಸೀಮೆಯಲ್ಲಿ ಊಟಕ್ಕೆ ಕುಳಿತವರು ಬಾಳೆಯೆಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯ ಮಿಡಿ ಕಚ್ಚಿ, ‘ಇದು ಯಾವ ಮರದ್ದು?’ ಎಂದು ಕೇಳುವುದುಂಟು. ಯಾವ ಊರಿನದು, ಯಾವ ಅಂಗಡಿಯದು ಎಂದಲ್ಲ. ಯಾವ ಮರದ್ದು ಎಂದು. ಅಪ್ಪೆಮಿಡಿಯ ಗುಟ್ಟೆಲ್ಲ ಈ ಪ್ರಶ್ನೆಯಲ್ಲಿದೆ.

ಅಪ್ಪೆ ಎಂದರೆ ಅಘನಾಶಿನಿ, ಶರಾವತಿ, ಕಾಳಿ ನದಿಗಳ ದಂಡೆಯಲ್ಲಿ ತಾನಾಗಿ ಬೆಳೆದ ಕಾಡುಮಾವು. ತೊಟ್ಟು ಮುರಿದಾಗ ಚಿಮ್ಮುವ ಸೊನೆಯಲ್ಲಿದೆ ಇದರ ಪರಿಮಳ. ಒಂದು ಮರದ್ದು ಜೀರಿಗೆಯ ವಾಸನೆ, ಇನ್ನೊಂದರದು ಕರ್ಪೂರದ್ದು. ಜೀರಿಗೆ ಮಿಡಿ, ಕಂಚಪ್ಪೆ, ಮಾಳಂಜಿ ಅಪ್ಪೆ, ಅನಂತಭಟ್ಟನ ಅಪ್ಪೆ ಎಂದು ಹೆಸರುಗಳೂ ಬೇರೆ ಬೇರೆ. ತೊಟ್ಟು ಸಹಿತ ಕೊಯ್ದು, ಉಪ್ಪಿನಲ್ಲಿ ಬಾಡಿಸಿ, ಸಾಸಿವೆ-ಮೆಣಸಿನ ಖಾರ ಕೂಡಿಸಿದರೆ ವರ್ಷಗಟ್ಟಲೆ ಕೆಡದು.

ಹಾಗಾದರೆ ಗೊರಟು ನೆಟ್ಟು ತಳಿ ಉಳಿಸಬಾರದೆ? ಇಲ್ಲೇ ತೊಡಕು. ಭತ್ತದ ಹೂವು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಆದ್ದರಿಂದ ಹಿರಿಯರು ಮುಡಿ ಕಟ್ಟಿಟ್ಟ ಬೀಜ ಬಿತ್ತಿದರೆ ಅದೇ ತಳಿ ಮರಳುತ್ತಿತ್ತು. ಮಾವಿನ ಹೂವಿಗಾದರೋ ನೊಣ, ಕೀಟಗಳು ಬೇರೆ ಮರದ ಪರಾಗ ತರುತ್ತವೆ. ಜೀರಿಗೆ ಮಿಡಿಯ ಗೊರಟಿನಿಂದ ಹುಟ್ಟಿದ ಗಿಡ ಸಾಮಾನ್ಯವಾಗಿ ಜೀರಿಗೆ ಮಿಡಿಯಾಗದು. ಮೇಲಾಗಿ ಮಾವಿನ ಬೀಜ ಪೂರ್ತಿ ಒಣಗಿದರೆ ಮೊಳೆಯುವುದೇ ಇಲ್ಲ; ಭತ್ತ, ರಾಗಿಯಂತೆ ಉಗ್ರಾಣದಲ್ಲಿಡಲು ಬಾರದು. ತಳಿ ಇರುವುದು ಆ ಒಂದು ಮರದ ಮೈಯಲ್ಲಿ. ಮರ ಬಿದ್ದ ದಿನ ತಳಿಯೂ ಮುಗಿಯಿತು.

1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯ ಹಳೆಯ ದಂಡೆಗಳನ್ನೇ ಮುಳುಗಿಸಿತು. ಉಳಿದೆಡೆ, ಬೇಡಿಕೆ ಹೆಚ್ಚಿದಂತೆ, ಬುಟ್ಟಿಗೆ ಹಗ್ಗ ಕಟ್ಟಿ ಮಿಡಿ ಇಳಿಸುವ ತಾಳ್ಮೆ ಹೋಗಿ ಕೊಂಬೆಯನ್ನೇ ಕಡಿಯುವವರು ಬಂದರು. ಎಲ್ಲವನ್ನೂ ಮಿಡಿಯಲ್ಲೇ ಕೊಯ್ದರೆ ಹಣ್ಣಾಗಿ ನೆಲಕ್ಕೆ ಬೀಳುವ ಗೊರಟೂ ಇಲ್ಲ.

ಇದಕ್ಕೆ ಪರಿಹಾರ ಕಸಿ. ಹಳೆಯ ಮರದ ಕಡ್ಡಿಯನ್ನು ಎಳೆಯ ಮಾವಿನ ಸಸಿಗೆ ಕೂಡಿಸಿದರೆ ಅದೇ ಸೊನೆ, ಅದೇ ಪರಿಮಳ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಲವು ಅಪ್ಪೆ ತಳಿಗಳನ್ನು ಹೀಗೆ ಕಾಪಿಟ್ಟಿದೆ. ಮಲೆನಾಡಿನ ಕೃಷಿಕರೂ ಕಸಿ ಗಿಡಗಳನ್ನು ತೋಟದಂಚಿಗೆ ತಂದಿದ್ದಾರೆ.

ಆದರೆ ಕಸಿ ಇದ್ದುದನ್ನು ಉಳಿಸೀತೇ ಹೊರತು ಹೊಸದನ್ನು ಹುಟ್ಟಿಸದು. ಜೀರಿಗೆ ಮಿಡಿಯ ಮೊದಲ ಮರವನ್ನು ಯಾರೂ ಕಸಿ ಕಟ್ಟಿ ಮಾಡಿದ್ದಲ್ಲ. ಅದು ಗೊರಟಿನಿಂದ ತಾನೇ ಎದ್ದದ್ದು. ತೋಟದಲ್ಲಿ ಕಸಿಯೂ ಬೇಕು, ಹೊಳೆದಂಡೆಯಲ್ಲಿ ಕಾಡೂ ಬೇಕು. ಕೊಯ್ಯುವವರು ಮರಕ್ಕೊಂದು ಕೊಂಬೆಯ ಕಾಯನ್ನು ಹಣ್ಣಾಗಲು ಬಿಟ್ಟರೆ, ‘ಇದು ಯಾವ ಮರದ್ದು?’ ಎಂದು ಕೇಳುವ ಭಾಗ್ಯ ಮೊಮ್ಮಕ್ಕಳಿಗೂ ಉಳಿದೀತು.