ಪುಟ್ಟ ಅಡುಗೆಮನೆಗೊಂದು ಮಣೆ

ನೆಲದ ಮೇಲೆ ಕುಳಿತು ಹೆಚ್ಚುವ ಈಳಿಗೆಮಣೆಗೆ ಇಂದಿರಾನಗರದ ಪುಟ್ಟ ಬಾಡಿಗೆ ಮನೆಯಲ್ಲಿ ಜಾಗ ಸಾಲದು. ಒಲೆ, ಸಿಂಕುಗಳ ನಡುವಿನ ಕಟ್ಟೆಗೆ 12 ಅಂಗುಲ ಉದ್ದ, 8 ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪದ ಮರದ ಮಣೆ ಸಾಕು.

ಚೆನ್ನಾಗಿ ಒಣಗಿದ ತೇಗ ಅಥವಾ ಮಾವಿನ ಹಲಗೆ ಒಗ್ಗುತ್ತದೆ. ಪ್ಲೈವುಡ್ ಬೇಡ, ಅದರ ಪದರಗಳ ನಡುವೆ ಅಂಟಿದೆ. ಮರದ ಎಳೆ ಉದ್ದಕ್ಕೆ ಸಾಗುವಂತೆ ಕೊಯ್ದು, ಅಂಚು ದುಂಡಗೆ ಮಾಡಿ, 80, 120, 220 ನಂಬರಿನ ಉಪ್ಪುಕಾಗದದಿಂದ ಕ್ರಮವಾಗಿ ಉಜ್ಜಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಣ್ಣ ನಾರುಗಳು ಎದ್ದು ನಿಲ್ಲುತ್ತವೆ. ಒಣಗಿದ ಮೇಲೆ ಮತ್ತೆ ಉಜ್ಜಿದರೆ ಮೈ ನುಣುಪಾಗುತ್ತದೆ.

ಆಹಾರಕ್ಕೆ ಯೋಗ್ಯವಾದ ಮಿನರಲ್ ಎಣ್ಣೆಯನ್ನು ಎರಡೂ ಬದಿಗೆ ಸಮನಾಗಿ ಹಚ್ಚಬೇಕು. ಒಂದೇ ಬದಿ ನೀರು ಕುಡಿದರೆ ಹಲಗೆ ಸೊಟ್ಟಗಾಗುತ್ತದೆ. ಮಣೆಯನ್ನು ನೀರಲ್ಲಿ ನೆನೆಸಿಡದೆ, ತೊಳೆದ ಕೂಡಲೇ ನಿಲ್ಲಿಸಿ ಒಣಗಿಸಬೇಕು.