ಮಕ್ಕಳ ಫೋನು, ನಮ್ಮ ಕಾವಲು



ಇವತ್ತು ನಾವು ಫೋನಿನ ವಿಷಯ ಮಾತಾಡೋಣ. 2020ರಲ್ಲಿ ಕೊರೊನಾ ಬಂತು. ಶಾಲೆಗಳು ಮುಚ್ಚಿದವು. ಪಾಠ ಫೋನಿನಲ್ಲಿ ನಡೆಯಿತು. ನಮ್ಮಲ್ಲಿ ಎಷ್ಟೋ ಜನ ಕೂಲಿ ಹಣ ಕೂಡಿಸಿ, ಸಾಲ ಮಾಡಿ ಫೋನು ತಂದೆವು. ಶಾಲೆ ಮತ್ತೆ ತೆರೆಯಿತು. ಫೋನು ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು.

ಹದಿನೈದು ವರ್ಷದ ಮಗ ಮೂಲೆಯಲ್ಲಿ ಕೂತು ಫೋನು ನೋಡುತ್ತಾನೆ. ನಾವು ಹತ್ತಿರ ಹೋದರೆ ಮಗುಚಿ ಇಡುತ್ತಾನೆ. ಮಗಳು ಹೊದಿಕೆಯೊಳಗೆ ನೋಡುತ್ತಾಳೆ. "ಏನೇ ಅದು?" ಅಂದರೆ "ಏನಿಲ್ಲಮ್ಮ" ಅನ್ನುತ್ತಾಳೆ. ನಮ್ಮ ಎದೆ ಡವಡವ ಅನ್ನುತ್ತದೆ. ಏನು ನೋಡ್ತಾರೋ? ಯಾರ ಜೊತೆ ಮಾತಾಡ್ತಾರೋ?

ಮೊದಲು ಒಂದು ವಿಷಯ ತಿಳಿಯೋಣ. ಫೋನಿನಲ್ಲಿ ಏನಾದರೂ ಹುಡುಕಿದರೆ ಗುರುತು ಉಳಿಯುತ್ತದೆ. ಯಾವ ದಿನ ಏನು ನೋಡಿದರು ಅಂತ ಪಟ್ಟಿ ಇರುತ್ತದೆ. ಇದಕ್ಕೆ ಹಿಸ್ಟರಿ ಅನ್ನುತ್ತಾರೆ. ಪಟ್ಟಿ ಉಳಿಯದ ಹಾಗೆ ನೋಡುವ ದಾರಿಯೂ ಇದೆ. ಅದರ ಹೆಸರು ಇನ್‌ಕಾಗ್ನಿಟೊ. ಕ್ರೋಮ್‌ನಲ್ಲಿ ಅದಕ್ಕೆ ಟೋಪಿ, ಕನ್ನಡಕದ ಚಿತ್ರ ಇದೆ. ಅದನ್ನು ಮುಚ್ಚಿದ ಮೇಲೆ ಏನು ನೋಡಿದರು ಎಂಬ ಪಟ್ಟಿ ಫೋನಿನಲ್ಲಿ ಇರುವುದಿಲ್ಲ.

ಹಾಗಾದರೆ ಯಾರಿಗೂ ಗೊತ್ತಾಗುವುದಿಲ್ಲವೇ? ಮನೆಯವರಿಗೆ ಗೊತ್ತಾಗುವುದಿಲ್ಲ, ಅಷ್ಟೇ. ಯಾವ ಜಾಲತಾಣಕ್ಕೆ ಹೋದರು ಎಂದು ಇಂಟರ್ನೆಟ್ ಕೊಡುವ ಕಂಪನಿಗೆ ತಿಳಿಯಬಹುದು. ಆ ಜಾಲತಾಣದವರಿಗೂ ತಿಳಿಯಬಹುದು. ಅಲ್ಲಿ ಕಳಿಸಿದ ಫೋಟೋ ಬೇರೆಯವರ ಕೈ ಸೇರುತ್ತದೆ. ಮಕ್ಕಳು ಮಾತ್ರ ಯಾರೂ ನೋಡಲಿಲ್ಲ ಅಂದುಕೊಳ್ಳುತ್ತಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಇದನ್ನು ನಾವೇ ಅವರಿಗೆ ಹೇಳಬೇಕು.

ಮಕ್ಕಳು ಯಾಕೆ ಗುಟ್ಟಾಗಿ ನೋಡುತ್ತಾರೆ? ಈ ವಯಸ್ಸಿನಲ್ಲಿ ಮೈ ಬದಲಾಗುತ್ತದೆ. ಮನಸ್ಸೂ ಬದಲಾಗುತ್ತದೆ. ನೂರು ಪ್ರಶ್ನೆ ಹುಟ್ಟುತ್ತವೆ. ನಮ್ಮನ್ನು ಕೇಳಲು ಅವರಿಗೆ ನಾಚಿಕೆ. ಹೇಳಲು ನಮಗೂ ನಾಚಿಕೆ. ಮೊದಲ ಸಲ ಮುಟ್ಟಾದಾಗ ಏನಾಯಿತೋ ಎಂದು ಹೆದರಿ ಅತ್ತವರು ನಮ್ಮಲ್ಲೇ ಇದ್ದಾರೆ. ನಮಗೆ ಯಾರೂ ಹೇಳಿರಲಿಲ್ಲ. ಈಗಿನ ಹುಡುಗಿ ಫೋನನ್ನು ಕೇಳುತ್ತಾಳೆ. ಅದು ತಪ್ಪಲ್ಲ. ಆದರೆ ಫೋನು ನಿಜವನ್ನೂ ಹೇಳುತ್ತದೆ, ಸುಳ್ಳನ್ನೂ ಹೇಳುತ್ತದೆ. ಹೊಲಸನ್ನೂ ತೋರಿಸುತ್ತದೆ.

ಈಗ ನಮಗೆ ಅಕ್ಷರ ಬಂದಿದೆ. ಮಗಳು ಮಲಗಿದಾಗ ಅವಳ ಫೋನು ತೆಗೆದು ಓದಬಹುದು. ಓದಲು ಬರುತ್ತದೆ ಅಂತ ಕದ್ದು ಓದಬೇಕೇ?

ಕದ್ದು ಓದಿದರೆ ಏನಾಗುತ್ತದೆ? ಒಂದು ದಿನ ಅವಳಿಗೆ ಗೊತ್ತಾಗುತ್ತದೆ. ಬೀಗದ ನಂಬರು ಬದಲಿಸುತ್ತಾಳೆ. ಗೆಳತಿಯ ಫೋನಿನಲ್ಲಿ ನೋಡುತ್ತಾಳೆ. ನಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಅಪಾಯ ಬಂದಾಗಲೂ ನಮಗೆ ಹೇಳುವುದಿಲ್ಲ.

ಎಂಥ ಅಪಾಯ? ಗೊತ್ತಿಲ್ಲದವನೊಬ್ಬ ಫೋನಿನಲ್ಲಿ ಸ್ನೇಹ ಮಾಡುತ್ತಾನೆ. ಸಿಹಿ ಮಾತಾಡಿ ಬಟ್ಟೆಯಿಲ್ಲದ ಫೋಟೋ ಕೇಳುತ್ತಾನೆ. ಆಮೇಲೆ "ದುಡ್ಡು ಕಳಿಸು, ಇಲ್ಲದಿದ್ದರೆ ಊರಿಗೆಲ್ಲ ತೋರಿಸ್ತೀನಿ" ಅಂತ ಬೆದರಿಸುತ್ತಾನೆ. ಗಂಡು ಹುಡುಗರಿಗೂ ಹೀಗೆ ಆಗುತ್ತದೆ. ಆಗ ಮಗು ನಮ್ಮ ಹತ್ತಿರ ಓಡಿ ಬರಬೇಕು. "ಅವ್ವ ಹೊಡೀತಾಳೆ, ಅಪ್ಪ ಶಾಲೆ ಬಿಡಿಸ್ತಾನೆ" ಎಂಬ ಹೆದರಿಕೆ ಇದ್ದರೆ ಬರುವುದಿಲ್ಲ. ಬೆದರಿಸುವವನಿಗೆ ಬೇಕಾದದ್ದೂ ಅದೇ.

ಇನ್ನೊಂದು ಮಾತು. ಮಗ ರಾತ್ರಿಯೆಲ್ಲ ಫೋನು ನೋಡಿದರೂ "ಗಂಡು ಹುಡುಗ" ಅಂತ ಸುಮ್ಮನಿರುತ್ತೇವೆ. ಮಗಳ ಫೋನಿನಲ್ಲಿ ಒಬ್ಬ ಹುಡುಗನ ಹೆಸರು ಕಂಡರೆ ಶಾಲೆ ಬಿಡಿಸುತ್ತೇವೆ. ಗಂಡು ಹುಡುಕಲು ಹೊರಡುತ್ತೇವೆ. ಇದು ಯಾವ ನ್ಯಾಯ? 18 ವರ್ಷ ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ. 2006ರ ಕಾನೂನು ಹಾಗೆ ಹೇಳುತ್ತದೆ. ಫೋನಿನ ಕಟ್ಟುಪಾಡು ಮಗನಿಗೂ ಮಗಳಿಗೂ ಒಂದೇ ಇರಲಿ.

ಖಾಸಗಿ ಬದುಕು ಪ್ರತಿಯೊಬ್ಬರ ಮೂಲಭೂತ ಹಕ್ಕು. 2017ರಲ್ಲಿ ಸುಪ್ರೀಂ ಕೋರ್ಟಿನ 9 ಜನ ನ್ಯಾಯಾಧೀಶರು ಕೂಡಿ ಹೀಗೆ ತೀರ್ಪು ಕೊಟ್ಟರು. ಆ ದಾವೆ ಹೂಡಿದವರು ನಮ್ಮ ಕರ್ನಾಟಕದವರೇ. ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಮಕ್ಕಳೂ ಮನುಷ್ಯರೇ. ಅವರಿಗೂ ಮರ್ಯಾದೆ ಇದೆ. ಆದರೆ ಅವರನ್ನು ಕಾಯುವ ಹೊಣೆ ನಮ್ಮದು. ಎರಡನ್ನೂ ತೂಗಿಸಿಕೊಂಡು ಹೋಗಬೇಕು.

ಹಾಗಾದರೆ ಏನು ಮಾಡೋಣ?

ಒಂದು: ಕದ್ದು ನೋಡುವುದು ಬೇಡ. "ನಿನ್ನ ಫೋನು ಆಗಾಗ ನೋಡ್ತೀನಿ, ನೀನು ಎದುರಿಗೇ ಇರು" ಅಂತ ಮೊದಲೇ ಹೇಳೋಣ.

ಎರಡು: ರಾತ್ರಿ ಮನೆಯ ಎಲ್ಲ ಫೋನುಗಳೂ ಒಂದೇ ಕಡೆ ಇರಲಿ. ನಮ್ಮದೂ, ಯಜಮಾನರದೂ ಅಲ್ಲೇ ಇರಲಿ.

ಮೂರು: ಗೂಗಲ್‌ನವರ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್ ಇದೆ. ಅದಕ್ಕೆ ಹಣ ಕೊಡಬೇಕಿಲ್ಲ. ಮಗು ದಿನಕ್ಕೆ ಎಷ್ಟು ಹೊತ್ತು ಫೋನು ನೋಡಬೇಕು, ಯಾವ ಆ್ಯಪ್ ಹಾಕಿಕೊಳ್ಳಬೇಕು ಎಂದು ನಾವು ಗೊತ್ತು ಮಾಡಬಹುದು. ಅದರಲ್ಲಿ ಸೇರಿಸಿದ ಮಗುವಿನ ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ ತೆರೆಯುವುದಿಲ್ಲ. ಹಾಕಲು ಬರದಿದ್ದರೆ ಶಾಲೆಯ ಮೇಷ್ಟ್ರನ್ನು, ಟೀಚರನ್ನು ಕೇಳೋಣ. ಮಗುವಿಗೆ ತಿಳಿಸಿಯೇ ಹಾಕೋಣ. ಮಗು ಬೆಳೆದಂತೆ ಕಟ್ಟು ಸಡಿಲ ಮಾಡೋಣ.

ನಾಲ್ಕು: ಅಪಾಯ ಬಂದರೆ ಮಗುವನ್ನು ಹೊಡೆಯುವುದು ಬೇಡ, ಬೈಯುವುದು ಬೇಡ. "ಹೇಳಿದ್ದು ಒಳ್ಳೇದಾಯ್ತು" ಅನ್ನೋಣ. ಬೆದರಿಸುವವನಿಗೆ ದುಡ್ಡು ಕಳಿಸಬಾರದು. ಅವನ ಸಂದೇಶ ಅಳಿಸಬಾರದು. ಅದೇ ಸಾಕ್ಷಿ. ಸೈಬರ್ ಅಪರಾಧಕ್ಕೆ 1930, ಮಕ್ಕಳ ಸಹಾಯಕ್ಕೆ 1098. ಈ ನಂಬರುಗಳನ್ನು ಗೋಡೆಯ ಮೇಲೆ ಬರೆದಿಡೋಣ. ಪೊಲೀಸ್ ಠಾಣೆಗೆ ಹೋಗಲು ಅಂಜಿಕೆ ಬೇಡ. 2012ರ ಪೋಕ್ಸೊ ಕಾನೂನಿನ ಪ್ರಕಾರ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ವಿಳಾಸ ಬಹಿರಂಗ ಮಾಡುವ ಹಾಗಿಲ್ಲ.

ಇವತ್ತು ಮನೆಗೆ ಹೋದ ಮೇಲೆ ಮಕ್ಕಳ ಪಕ್ಕದಲ್ಲಿ ಕೂರೋಣ. "ಟೋಪಿ, ಕನ್ನಡಕದ ಚಿತ್ರ ಎಲ್ಲಿದೆ? ನನಗೂ ತೋರಿಸು" ಅನ್ನೋಣ. ಸಿಟ್ಟು ಬೇಡ. ಕಲಿಯುವ ಆಸೆಯಿಂದ ಕೇಳೋಣ. ನಾವು ಕೇಳಿದರೆ ಅವರು ಹೇಳಲು ಶುರು ಮಾಡುತ್ತಾರೆ.

ಕೂಡಿ ಚರ್ಚಿಸಿ:
1. ಇನ್‌ಕಾಗ್ನಿಟೊದಲ್ಲಿ ನೋಡಿದ್ದು ಯಾರಿಗೆ ತಿಳಿಯುವುದಿಲ್ಲ? ಯಾರಿಗೆ ತಿಳಿಯಬಹುದು?
2. ನಿಮ್ಮ ಮನೆಯಲ್ಲಿ ಮಗನಿಗೂ ಮಗಳಿಗೂ ಒಂದೇ ಕಟ್ಟುಪಾಡು ಇದೆಯೇ?
3. 1930 ಮತ್ತು 1098 ಯಾವುದಕ್ಕೆ? ಬರೆದು ತೋರಿಸಿ.