ಆಪರೇಷನ್ ಆದ ಮೇಲೆ ಹಿರಿಯರ ಬುದ್ಧಿ
(ಗಿರಣಿ ಕೆಲಸಗಾರರ ವಾಚನಾಲಯದ ವಾರದ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು, ತೆರಿಗೆಯ ಮಾತು ಈ ವೇದಿಕೆಯಿಂದ ಬೇಕಾದಷ್ಟು ಕೇಳಿದ್ದೀರಿ. ಇಂದು ಮನೆಯ ಮಾತೊಂದನ್ನು ಆಡಲು ನಿಂತಿದ್ದೇನೆ. ನಾನು ಡಾಕ್ಟರನಲ್ಲ, ಹಳ್ಳಿಯ ಶಾಲೆಯಲ್ಲಿ ಮಗ್ಗಿ ಹೇಳಿಕೊಡುತ್ತಿದ್ದವನು. ಓದಿ ತಿಳಿದದ್ದನ್ನು, ಪಟ್ಟು ತಿಳಿದದ್ದನ್ನು ಹೇಳುತ್ತೇನೆ.

ನಮ್ಮ ತಂದೆ ಮೂವತ್ತು ವರ್ಷ ನೂಲಿನ ಖಾತೆಯಲ್ಲಿ ದುಡಿದವರು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೆಯ ರಾತ್ರಿ ಎದ್ದು ಕುಳಿತು, "ಸೈರನ್ ಆಯಿತು, ಪಾಳಿಗೆ ಹೊತ್ತಾಯಿತು, ನನ್ನ ಬುತ್ತಿ ಎಲ್ಲಿ?" ಎಂದರು. ನನ್ನನ್ನೇ ಜಾಬರನೆಂದು ತಿಳಿದು ಕೈಮುಗಿದರು. ಪಕ್ಕದ ಹಾಸಿಗೆಯವರು ಗಾಳಿ ಸೋಕಿದೆ ಎಂದರು. ನಾಲ್ಕಕ್ಷರ ಕಲಿತ ನಾನೇನು ಮಾಡಿದೆ? "ಜನ ನೋಡುತ್ತಿದ್ದಾರೆ, ಸುಮ್ಮನೆ ಮಲಗಿ" ಎಂದು ಗದರಿಸಿದೆ. ಅವರ ಕನ್ನಡಕ ಮನೆಯ ಪೆಟ್ಟಿಗೆಯಲ್ಲಿತ್ತು. ಆಸ್ಪತ್ರೆಯಲ್ಲಿ ಒಡೆದೀತೆಂದು ನಾನೇ ಇಟ್ಟು ಬಂದಿದ್ದೆ. ಆ ತಪ್ಪು ನಿಮ್ಮ ಮನೆಯಲ್ಲಿ ಆಗದಿರಲೆಂದೇ ಈ ಮಾತು.

ಅದು ಗಾಳಿಯೂ ಅಲ್ಲ, ಹಟವೂ ಅಲ್ಲ. ವೈದ್ಯರು ಅದನ್ನು ಡೆಲಿರಿಯಂ ಎನ್ನುತ್ತಾರೆ. ಆಪರೇಷನ್ ಆದ ಮೊದಲ ದಿನಗಳಲ್ಲಿ ಥಟ್ಟನೆ ಬರುತ್ತದೆ. ಒಂದು ಗಳಿಗೆ ಸರಿ, ಇನ್ನೊಂದು ಗಳಿಗೆ ಇಲ್ಲ. ಎಲ್ಲರೂ ಕೂಗಾಡುವುದಿಲ್ಲ. ಕೆಲವರು ಮಂಕಾಗಿ, ಮಾತಿಲ್ಲದೆ ಬಿದ್ದಿರುತ್ತಾರೆ. ನಾವು "ಪಾಪ, ನಿದ್ದೆ" ಎಂದುಕೊಳ್ಳುತ್ತೇವೆ. ಗಮನಕ್ಕೇ ಬಾರದೆ ಹೋಗುವುದು ಈ ಬಗೆಯೇ.

ಇನ್ನೊಂದು ತೊಂದರೆ ಮನೆಗೆ ಬಂದ ಮೇಲೆ ಕಾಣುತ್ತದೆ: ಲೆಕ್ಕ ತಪ್ಪುತ್ತದೆ, ಹೆಸರು ನೆನಪಿಗೆ ಬಾರದು. ಆಪರೇಷನ್ ಆದಂದಿನಿಂದ ಅಪ್ಪ ಮೊದಲಿನಂತಿಲ್ಲ ಎಂಬ ಮನೆಯವರ ದೂರನ್ನು ಕಿವಿಗೊಟ್ಟು ಕೇಳಿ, 1955ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದವರು ಇಂಗ್ಲೆಂಡಿನ ವೈದ್ಯ ಬೆಡ್‌ಫರ್ಡ್. 1998ರಲ್ಲಿ ಅದೇ ಪತ್ರಿಕೆಯಲ್ಲಿ ದೊಡ್ಡ ಪರೀಕ್ಷೆಯೊಂದರ ಫಲ ಬಂತು. ಹೃದಯ ಬಿಟ್ಟು ಬೇರೆ ದೊಡ್ಡ ಆಪರೇಷನ್ ಆದ, 60 ದಾಟಿದ 1218 ಜನರನ್ನು ನೋಡಿದರು. ಒಂದು ವಾರಕ್ಕೆ ನೂರಕ್ಕೆ ಸುಮಾರು 26 ಜನರ ಬುದ್ಧಿಶಕ್ತಿ ಕುಂದಿತ್ತು. ಮೂರು ತಿಂಗಳಿಗೆ ಅದು 10ಕ್ಕೆ ಇಳಿಯಿತು. ಆಪರೇಷನ್ ಇಲ್ಲದ ಸಮವಯಸ್ಕರಲ್ಲಿ ಮೂರು ತಿಂಗಳಿಗೆ ಸುಮಾರು 3. ಎಂದರೆ, ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಎಲ್ಲರೂ ಅಲ್ಲ.

ಎಲ್ಲಾ ಮತ್ತಿನ ಮದ್ದಿನ ತಪ್ಪೇ? ಹಾಗೆನ್ನಲಾಗದು. ತೊಡೆಯ ಮೂಳೆ ಮುರಿದ 1600 ಜನರ ಪರೀಕ್ಷೆಯ ಫಲ 2021ರಲ್ಲಿ ಬಂತು. ಪೂರ್ತಿ ಮತ್ತು ಕೊಟ್ಟವರಲ್ಲಿಯೂ, ಬೆನ್ನಿಗೆ ಇಂಜೆಕ್ಷನ್ ಕೊಟ್ಟವರಲ್ಲಿಯೂ ನೂರಕ್ಕೆ ಸುಮಾರು 20 ಜನರಿಗೆ ಡೆಲಿರಿಯಂ ಬಂದಿತ್ತು. ವಯಸ್ಸು, ಮೊದಲೇ ಇದ್ದ ಮರೆವು, ಕಣ್ಣು ಕಿವಿಗಳ ಮಂದತೆ, ಸೋಂಕು, ಕುಡಿತ, ನಿದ್ದೆ ಮಾತ್ರೆ ಇವೆಲ್ಲ ಅಪಾಯ ಹೆಚ್ಚಿಸುತ್ತವೆ. 1998ರ ಪರೀಕ್ಷೆಯಲ್ಲಿ ಶಾಲೆಯ ಓದು ಕಡಿಮೆಯಿದ್ದವರಿಗೆ ಮೊದಲ ವಾರದ ತೊಂದರೆ ಹೆಚ್ಚೆಂದು ಕಂಡಿತು. ಮೇಷ್ಟರಾಗಿದ್ದ ನನಗೆ ಆ ಸಾಲು ಚುಚ್ಚಿತು.

ತಡೆಯುವ ದಾರಿ ಇದೆ, ಅದಕ್ಕೆ ಖರ್ಚೂ ಹೆಚ್ಚಿಲ್ಲ. 1999ರಲ್ಲಿ ಅಮೆರಿಕದ ವೈದ್ಯೆ ಇನೌಯೆ ಮತ್ತು ಜೊತೆಗಾರರು, ಆಸ್ಪತ್ರೆ ಸೇರಿದ 70 ದಾಟಿದ 852 ಜನರ ಫಲ ಪ್ರಕಟಿಸಿದರು. ಇವರು ಆಪರೇಷನ್ನಿನವರಲ್ಲ, ಬೇರೆ ಕಾಯಿಲೆಯವರು. ಕನ್ನಡಕ, ಕಿವಿಯ ಯಂತ್ರ, ಕುಡಿಯಲು ನೀರು, ನಡೆದಾಟ, ರಾತ್ರಿ ನಿದ್ದೆ, ಎದುರು ಕೂತು ಮಾತು: ಇಷ್ಟರಿಂದ ಡೆಲಿರಿಯಂ ನೂರಕ್ಕೆ 15 ಇದ್ದದ್ದು 10ಕ್ಕೆ ಇಳಿಯಿತು.

ಆದ್ದರಿಂದ ಸೋದರರೇ, ಆಪರೇಷನ್ನಿಗೆ ಮೊದಲೇ ಮರೆವು, ಕುಡಿತ, ಮಾತ್ರೆಗಳ ವಿಷಯ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಕನ್ನಡಕ, ಹಲ್ಲಿನ ಸೆಟ್ಟು ಜೊತೆಗೆ ಒಯ್ಯಿರಿ. ಇಂದು ಯಾವ ವಾರ, ಎಲ್ಲಿದ್ದೇವೆ ಎಂದು ಆಗಾಗ ಹೇಳಿ. ಹಗಲು ಬೆಳಕಿರಲಿ, ರಾತ್ರಿ ಸದ್ದಿಲ್ಲದಿರಲಿ. ಡಾಕ್ಟರು ಒಪ್ಪಿದೊಡನೆ ನೀರು ಕೊಡಿ, ನಡೆಸಿ. ಮಾತು ತಪ್ಪಿದರೆ ವಾದ ಬೇಡ, ಗದರಿಕೆ ಬೇಡ. ಕೂಡಲೇ ನರ್ಸಿಗೆ ತಿಳಿಸಿ. ಒಳಗೆ ಜ್ವರವೋ, ನೋವೋ, ಮೂತ್ರ ಕಟ್ಟಿದೆಯೋ ನೋಡಬೇಕು. ಈ ಹೆದರಿಕೆಯಿಂದ ಬೇಕಾದ ಆಪರೇಷನ್ ಮಾತ್ರ ಬಿಡಬೇಡಿ.

ವ್ಯಾಪಾರಿ ಮಿತ್ರರಿಗೆ ಒಂದು ಮಾತು. ಬುದ್ಧಿ ತಿಳಿಯಾಗುವವರೆಗೆ ಹಿರಿಯರಿಂದ ಕಾಗದಕ್ಕೆ ರುಜು ಹಾಕಿಸಬೇಡಿ. ಉದ್ರಿ ಲೆಕ್ಕ ಇನ್ನೊಬ್ಬರು ತಾಳೆ ನೋಡಲಿ. ಆ ದಿನಗಳಲ್ಲೇ ಮನೆಯ ಪಾಲಿನ ಕಾಗದ ಮುಗಿಸಿಬಿಡೋಣವೆಂದು ನಮ್ಮಲ್ಲೇ ಒಬ್ಬರು ಹೊರಟಿದ್ದರು. ನಮ್ಮ ತಾಯಿ ಬಿಡಲಿಲ್ಲ.

ಹಾಸಿಗೆಯ ಪಕ್ಕ ಕೂರಲು ಮನುಷ್ಯ ಬೇಕು. ಕೂತರೆ ಕೂಲಿ ಹೋಗುತ್ತದೆ. ರಜೆಯನ್ನು ನಾವು ಕೇಳಿ ಪಡೆಯಬೇಕು. ಅದು ಬರುವವರೆಗೆ ಒಬ್ಬರ ಪಾಳಿಯನ್ನು ಇನ್ನೊಬ್ಬರು ಬದಲಿಸಿಕೊಳ್ಳೋಣ. ನನ್ನ ತಮ್ಮನಿಗೆ ಇಬ್ಬರು ಜೊತೆಗಾರರು ಹಾಗೆ ಮಾಡಿದರು.

ಐದನೆಯ ಬೆಳಿಗ್ಗೆ ತಂದೆ ನನ್ನನ್ನು ದಿಟ್ಟಿಸಿ, "ಮೇಷ್ಟ್ರೇ, ಕನ್ನಡಕ ತಂದೆಯಾ?" ಎಂದರು. ತಂದಿದ್ದೆ. ಚೀಟಿಯ ಲೆಕ್ಕ ಅವರ ಹಿಡಿತಕ್ಕೆ ಮರಳಲು ಮಾತ್ರ ಐದು ತಿಂಗಳು ಹಿಡಿಯಿತು.